ಹೆಪ್ಪುಗಟ್ಟಿದ ಸರೋವರದ ಮೇಲೊಂದು ಅಡುಗೆಮನೆ

ನಮ್ಮ ಕ್ಲಬ್‌ನ ಜೂನಿಯರ್‌ಗಳು ಮೆಸೇಜ್ ಹಾಕಿದ್ರು: "ಅಣ್ಣಾ, ಅಮೆರಿಕಕ್ಕೆ ಎಂ.ಎಸ್. ಮಾಡೋಕೆ ಹೋದೋರೆಲ್ಲ ವೀಸಾ, ಜಿ.ಆರ್.ಇ. ಬಗ್ಗೆನೇ ಬರೀತಾರೆ. ನೀವಾದ್ರೂ ಬೇರೆ ಏನಾದ್ರೂ ಬರೀರಿ." ಸರಿ, ಹಾಗಾದ್ರೆ ಅಡುಗೆ ಬಗ್ಗೆ ಬರೀತೀನಿ. ಆದ್ರೆ ಈ ಅಡುಗೆ ನಡೆದದ್ದು ಮನೆಯಲ್ಲಲ್ಲ, ಒಂದು ಸರೋವರದ ಮೇಲೆ. ದಡದಲ್ಲಿ ಅಲ್ಲ, ನಿಜವಾಗ್ಲೂ ಸರೋವರದ ಮೇಲೆ.

ನಾನಿರೋದು ಮಿನ್ನೆಸೋಟಾದಲ್ಲಿ. ಚಳಿಗಾಲದಲ್ಲಿ ಇಲ್ಲಿನ ಸಾವಿರಾರು ಸರೋವರಗಳು ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ಕಾರು, ಟ್ರಕ್ಕು ಓಡಿಸ್ಕೊಂಡು ಹೋಗಿ, ಒಂದು ಸಣ್ಣ ಗುಡಿಸಲು ನಿಲ್ಲಿಸಿ, ಐಸ್‌ಗೆ ಬೈರಿಗೆಯಿಂದ ತೂತು ಕೊರೆದು ಗಾಳ ಇಳಿಬಿಟ್ಟು ಕೂರ್ತಾರೆ. ಆ ಗುಡಿಸಲಿಗೆ 'ಫಿಶ್ ಹೌಸ್' ಅಂತ ಹೆಸರು. ಕೆಲವು ಬರೀ ಪ್ಲೈವುಡ್ ಡಬ್ಬ, ಕೆಲವಕ್ಕೆ ಚಕ್ರ, ಬಂಕ್ ಬೆಡ್, ಒಲೆ ಎಲ್ಲ ಇರುತ್ತೆ. ನೆಲದಲ್ಲಿ ಮುಚ್ಚಳವಿರುವ ರಂಧ್ರಗಳು, ಅದರ ಕೆಳಗೆ ಐಸ್‌ನಲ್ಲಿ ಕೊರೆದ ತೂತು, ಅದರ ಕೆಳಗೆ ಕಪ್ಪು ನೀರು. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗಿರುತ್ತೆ ಅಂತ ಪಿಯುಸಿಯಲ್ಲಿ ಉರು ಹೊಡೆದದ್ದು ನೆನಪಿದೆಯಾ? ಸರೋವರ ಮೇಲಿಂದ ಹೆಪ್ಪುಗಟ್ಟೋದು, ತಳದಲ್ಲಿ ಮೀನು ಬದುಕಿರೋದು ಅದೇ ಕಾರಣಕ್ಕೆ.

ಐಸ್ ಮೇಲೆ ನಡೆಯೋಕೆ ಕನಿಷ್ಠ 4 ಇಂಚು ದಪ್ಪ ಬೇಕು, ಸಣ್ಣ ಕಾರಿಗೆ 9ರಿಂದ 10 ಇಂಚು ಅನ್ನುತ್ತೆ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ. ಜೊತೆಗೆ, ಯಾವ ಐಸೂ ನೂರಕ್ಕೆ ನೂರು ಸುರಕ್ಷಿತ ಅಲ್ಲ ಅಂತಾನೂ ಹೇಳುತ್ತೆ.

ಹೋದ ಜನವರಿಯಲ್ಲಿ ನಮ್ಮ ಲ್ಯಾಬ್‌ನ ಹಿರಿಯ ಟೆಕ್ನಿಷಿಯನ್ ಒಬ್ಬರು ನನ್ನನ್ನೂ ನನ್ನ ರೂಮ್‌ಮೇಟನ್ನೂ ಮಿಲ್ ಲ್ಯಾಕ್ಸ್ ಸರೋವರಕ್ಕೆ ಕರೆದುಕೊಂಡು ಹೋದ್ರು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ದಾರಿ. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ವಾಪಸ್. "ಅಡುಗೆ ನಮ್ದು" ಅಂತ ನಾವಿಬ್ಬರೂ ಜಂಬದಿಂದ ಒಪ್ಕೊಂಡ್ವಿ. ಆಮೇಲೆ ನಡೆದದ್ದೆಲ್ಲ ಥರ್ಮೋಡೈನಾಮಿಕ್ಸ್ ಮರುಪರೀಕ್ಷೆ.

ಮೊದಲ ಪಾಠ: ಗ್ಯಾಸ್ ಇದೆ, ಆದ್ರೆ ಬರಲ್ಲ

ನಮ್ಮ ಹತ್ರ ಮೇಜಿನ ಮೇಲಿಟ್ಟು ಉರಿಸೋ ಸಣ್ಣ ಕ್ಯಾನ್ ಸ್ಟವ್ ಇತ್ತು. ಕ್ಯಾನ್ ರಾತ್ರಿಯೆಲ್ಲ ಕಾರಿನ ಡಿಕ್ಕಿಯಲ್ಲೇ ಇತ್ತು, ಹೊರಗೆ ಮೈನಸ್ 24. ಸರೋವರಕ್ಕೆ ಹೋಗಿ ನಾಬ್ ತಿರುಗಿಸಿದ್ರೆ ಟಕ್ ಟಕ್ ಸದ್ದು ಅಷ್ಟೇ, ಉರಿ ಇಲ್ಲ. ಕ್ಯಾನ್ ಅಲ್ಲಾಡಿಸಿದ್ರೆ ಒಳಗೆ ದ್ರವ ಕುಲುಕಾಡ್ತಿದೆ.

ಕಾರಣ ಸರಳ. ಆ ಕ್ಯಾನ್‌ನಲ್ಲಿದ್ದದ್ದು ಬ್ಯುಟೇನ್. ಅದು ಕುದಿಯೋದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಿದ್ರೆ ಒಳಗಿನ ಆವಿಯ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಮ್ಮಿ, ಹಾಗಾಗಿ ಗ್ಯಾಸ್ ಹೊರಗೆ ಬರೋಕೆ ಕಾರಣವೇ ಇಲ್ಲ. ಪ್ರೊಪೇನ್ ಕುದಿಯೋದು ಮೈನಸ್ 42ರಲ್ಲಿ. ಅದಕ್ಕೇ ಇಲ್ಲಿ ಫಿಶ್ ಹೌಸ್‌ಗಳಲ್ಲಿ ಪ್ರೊಪೇನ್ ಸಿಲಿಂಡರ್. ನಮ್ಮೂರಿನ ಅಡುಗೆ ಸಿಲಿಂಡರ್‌ನಲ್ಲಿರೋದು ಎರಡರ ಮಿಶ್ರಣ. ನಮ್ಮ ಹವೆಗೆ ಅದು ಸಾಕು, ಇಲ್ಲಿಗೆ ಸಾಲದು. ಇನ್ನೊಂದು ವಿಷಯ: ಪ್ರೊಪೇನ್ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದಲ್ಲಿ ಕೂರುತ್ತೆ. ಅದಕ್ಕೇ ಸಿಲಿಂಡರ್ ಮನೆಯ ಹೊರಗಿರುತ್ತೆ, ಒಳಗೆ ಬರೋದು ಪೈಪ್ ಮಾತ್ರ.

ಎರಡನೇ ಪಾಠ: ಹಿಮ ಪುಕ್ಕಟೆ, ನೀರು ಪುಕ್ಕಟೆ ಅಲ್ಲ

"ಸುತ್ತ ಇಷ್ಟೊಂದು ಹಿಮ ಇದೆ, ಕರಗಿಸಿದ್ರಾಯ್ತು, ನೀರು ಯಾಕೆ ಹೊರಬೇಕು?" ಅಂದ ನನ್ನ ರೂಮ್‌ಮೇಟ್. ಲೆಕ್ಕ ಹಾಕಿ ನೋಡೋಣ. ಮನೆಯಿಂದ 20 ಡಿಗ್ರಿಯ ಒಂದು ಲೀಟರ್ ನೀರು ತಂದ್ರೆ, ಅದನ್ನ ಕುದಿಸೋಕೆ ಸುಮಾರು 334 ಕಿಲೋಜೌಲ್ ಸಾಕು. ಮೈನಸ್ 20ರ ಒಂದು ಕಿಲೋ ಹಿಮ ತಗೊಂಡ್ರೆ, ಮೊದಲು ಸೊನ್ನೆಗೆ ತರೋಕೆ 42, ಕರಗಿಸೋಕೆ 334, ಅಲ್ಲಿಂದ ನೂರಕ್ಕೆ ಏರಿಸೋಕೆ 418. ಒಟ್ಟು 794. ಅಂದ್ರೆ ಎರಡು ಪಟ್ಟಿಗಿಂತ ಹೆಚ್ಚು ಗ್ಯಾಸ್, ಎರಡು ಪಟ್ಟಿಗಿಂತ ಹೆಚ್ಚು ಹೊತ್ತು. ಕರಗಿಸೋದಕ್ಕೆ ಬೇಕಾಗೋ ಶಾಖ, ಮನೆಯಿಂದ ತಂದ ನೀರನ್ನ ಪೂರ್ತಿ ಕುದಿಸೋ ಶಾಖಕ್ಕೆ ಸಮ! ನೀರು ಹೊತ್ಕೊಂಡೇ ಬರಬೇಕು.

ಕೂಲರ್ ಬಾಕ್ಸ್ ಕೂಡ ಇಲ್ಲಿ ಉಲ್ಟಾ ಕೆಲಸ ಮಾಡುತ್ತೆ. ಊಟ ತಣ್ಣಗಿರಲಿ ಅಂತಲ್ಲ, ಹೆಪ್ಪುಗಟ್ಟದೇ ಇರಲಿ ಅಂತ. ಒಳಗೆ ಎರಡು ಬಾಟಲಿ ಬಿಸಿನೀರು ಇಟ್ಟು ಮೊಟ್ಟೆ, ಟೊಮೆಟೊ, ಕುಡಿಯೋ ನೀರು ಅದರ ಜೊತೆ ಇಡ್ತಾರೆ. ನಮಗೆ ಇದು ಗೊತ್ತಿರ್ಲಿಲ್ಲ. ನಮ್ಮ ಒಂದು ಡಜನ್ ಮೊಟ್ಟೆ ಒಡೆದು ಕಲ್ಲಾಗಿದ್ವು. ಕೊತ್ತಂಬರಿ ಸೊಪ್ಪು ಮುಟ್ಟಿದ್ರೆ ಪುಡಿ. ಟೆಕ್ನಿಷಿಯನ್ ಮಾತ್ರ ಮೊಟ್ಟೆಗಳನ್ನ ಮನೆಯಲ್ಲೇ ಒಡೆದು, ಕಲಕಿ, ಬಾಟಲಿಗೆ ತುಂಬಿ ತಂದಿದ್ರು.

ಗುಡಿಸಲಿನ ಒಳಗೂ ಎಲ್ಲ ಕಡೆ ಒಂದೇ ಉಷ್ಣತೆ ಇರಲ್ಲ. ಬಿಸಿಗಾಳಿ ಮೇಲೇರಿ ಚಾವಣಿ ಹತ್ರ ಬೇಸಿಗೆ, ನೆಲದಲ್ಲಿ ಫ್ರಿಜ್. ಹಾಲು, ತರಕಾರಿ ಕೆಳಗೆ. ಒದ್ದೆ ಗ್ಲೌಸ್, ಸಾಕ್ಸ್ ಮೇಲೆ. ತಪ್ಪಾಗಿ ಜೋಡಿಸಿದ್ರೆ ಹಾಲು ಒಡೆಯುತ್ತೆ, ಸಾಕ್ಸ್ ಸೆಟೆದುಕೊಳ್ಳುತ್ತೆ.

ಮೂರನೇ ಪಾಠ: ಉರಿಸಿದ ಗ್ಯಾಸ್ ಎಲ್ಲಿಗೆ ಹೋಗುತ್ತೆ?

ಇದೇ ಮುಖ್ಯವಾದ್ದು, ನಿಧಾನಕ್ಕೆ ಓದಿ.

ಶನಿವಾರ ರಾತ್ರಿ. ಕುಕ್ಕರ್ ತಂದಿದ್ವಿ, ಅನ್ನ, ತೊವ್ವೆ ಮಾಡೋಣ ಅಂತ. ಈ ಸಲ ಟೆಕ್ನಿಷಿಯನ್‌ರ ಪ್ರೊಪೇನ್ ಒಲೆ. ಪಕ್ಕದಲ್ಲಿ ಗೂಡಿನಂಥ ಸಣ್ಣ ಹೀಟರ್. ಅವರು ಪಕ್ಕದ ಗುಡಿಸಲಿನ ಸ್ನೇಹಿತರನ್ನ ಮಾತಾಡಿಸೋಕೆ ಹೋಗಿದ್ರು. ಹೋಗೋ ಮುಂಚೆ ಕಿಟಕಿ ಒಂದಿಷ್ಟು ತೆರೆದಿಟ್ಟಿದ್ರು, ಚಾವಣಿಯ ಗಾಳಿಕಿಂಡಿನೂ ತೆಗೆದಿದ್ರು. ಬೆನ್ನಿಗೆ ಚಳಿಗಾಳಿ ಹೊಡೀತಿತ್ತು. ರೂಮ್‌ಮೇಟ್ ಎದ್ದು ಎರಡನ್ನೂ ಮುಚ್ಚಿದ. ನಾನು "ಒಳ್ಳೇದಾಯ್ತು" ಅಂದೆ.

ಸ್ವಲ್ಪ ಹೊತ್ತಿಗೆ ತಲೆ ಭಾರ. ಬೆಳಿಗ್ಗೆ ಬೇಗ ಎದ್ದಿದ್ವಲ್ಲ, ನಿದ್ದೆ ಸಾಲದು ಅನ್ಕೊಂಡೆ. ರೂಮ್‌ಮೇಟ್‌ಗೆ ಹೊಟ್ಟೆ ತೊಳಸೋ ಥರ. ಆಗ ಗೋಡೆಯ ಮೇಲಿದ್ದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚೋಕೆ ಶುರು. ನಾವು ಅದನ್ನ ನೋಡ್ತಾ ಕೂತಿದ್ವಿ, 'ಇದನ್ನ ಆಫ್ ಮಾಡೋದು ಹೇಗೆ' ಅಂತ! ಅಷ್ಟರಲ್ಲಿ ಸದ್ದು ಕೇಳಿ ಓಡಿ ಬಂದ ಅವರು ಬಾಗಿಲು ತೆಗೆದು, ಒಲೆ, ಹೀಟರ್ ಆರಿಸಿ, ನಮ್ಮಿಬ್ಬರನ್ನೂ ಸಾಕ್ಸ್‌ನಲ್ಲೇ ಹೊರಗೆಳೆದ್ರು. ಮೈನಸ್ 24ರಲ್ಲಿ ಸಾಕ್ಸ್ ಹಾಕ್ಕೊಂಡು ಐಸ್ ಮೇಲೆ ನಿಂತು ಉಸಿರಾಡಿದ್ದು ನಾನು ಮರೆಯಲ್ಲ. ಅವರು ಬೈಲಿಲ್ಲ. "ಮುಂದಿನ ಸಲ ಅನ್ನ ಮನೆಯಲ್ಲೇ ಮಾಡ್ಕೊಂಡು ಬನ್ನಿ" ಅಂದ್ರು ಅಷ್ಟೇ.

ವಾಪಸ್ ಬಂದ ಮೇಲೆ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಗುಡಿಸಲು ಸುಮಾರು 14 ಘನ ಮೀಟರ್. ಅದರೊಳಗಿನ ಗಾಳಿ ಸುಮಾರು 17 ಕಿಲೋ, ಅದರಲ್ಲಿ ಆಮ್ಲಜನಕ ಸುಮಾರು 3.9 ಕಿಲೋ. ಒಲೆ 2 ಕಿಲೋವಾಟ್, ಹೀಟರ್ 2.6 ಕಿಲೋವಾಟ್ ಅಂತ ಇಟ್ಕೊಳ್ಳಿ. ಒಂದು ಕಿಲೋ ಪ್ರೊಪೇನ್ ಕೊಡೋದು ಸುಮಾರು 46 ಮೆಗಾಜೌಲ್, ಹಾಗಾಗಿ ಗಂಟೆಗೆ 0.36 ಕಿಲೋ ಗ್ಯಾಸ್ ಉರಿಯುತ್ತೆ. ಒಂದು ಕಿಲೋ ಪ್ರೊಪೇನ್‌ಗೆ 3.64 ಕಿಲೋ ಆಮ್ಲಜನಕ ಬೇಕು. ಅಂದ್ರೆ ಗಂಟೆಗೆ 1.3 ಕಿಲೋ ಆಮ್ಲಜನಕ ಖರ್ಚು. ಎಲ್ಲ ಕಿಂಡಿ ಮುಚ್ಚಿದ್ರೆ, ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಿಂದ 18ಕ್ಕೆ ಇಳಿಯೋಕೆ ಸುಮಾರು 25 ನಿಮಿಷ. ಪೂರ್ತಿ ಖಾಲಿ ಆಗಬೇಕಾಗಿಲ್ಲ. ಆಮ್ಲಜನಕ ಕಮ್ಮಿ ಆಗ್ತಾ ಹೋದಂತೆ ಉರಿ ಅರ್ಧಂಬರ್ಧ ಉರಿಯುತ್ತೆ, ಇಂಗಾಲದ ಡೈಆಕ್ಸೈಡ್ ಜೊತೆ ಮೊನಾಕ್ಸೈಡೂ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಲಕ್ಷಣಗಳು ಮಾಮೂಲಿ ಸುಸ್ತಿನ ಹಾಗೆ: ತಲೆನೋವು, ವಾಕರಿಕೆ, ನಿದ್ದೆ. ಅನುಮಾನ ಬರೋ ಹೊತ್ತಿಗೆ ಎದ್ದು ಬಾಗಿಲು ತೆಗೆಯೋ ಶಕ್ತಿ ಉಳಿದಿರಲ್ಲ.

ಇನ್ನೊಂದು ಉತ್ಪನ್ನ ನೀರು. ಒಂದು ಕಿಲೋ ಪ್ರೊಪೇನ್ ಉರಿದ್ರೆ 1.6 ಕಿಲೋ ನೀರಾವಿ! ಮೇಲಿನ ಲೆಕ್ಕದಲ್ಲಿ ಗಂಟೆಗೆ ಅರ್ಧ ಲೀಟರ್‌ಗೂ ಹೆಚ್ಚು. ಜೊತೆಗೆ ಪಾತ್ರೆಯ ಹಬೆ, ನಮ್ಮ ಉಸಿರು. ಇದೆಲ್ಲ ತಣ್ಣನೆ ಗೋಡೆ ಮೇಲೆ ಹೆಪ್ಪುಗಟ್ಟಿ, ಹೀಟರ್ ಜೋರಾದಾಗ ಕರಗಿ, ಹಾಸಿಗೆ ಮೇಲೆ ತೊಟ್ಟಿಕ್ಕುತ್ತೆ. ಕಿಟಕಿ ತೆಗೆದಿಡೋದು ಉಸಿರಿಗೂ ಬೇಕು, ಒಣ ಹಾಸಿಗೆಗೂ ಬೇಕು.

ಹಾಗಾದ್ರೆ ಮೆನು ಹೇಗಿರಬೇಕು?

ಈ ಮೂರು ಪಾಠ ಸೇರಿಸಿದ್ರೆ ಬರೋ ಸೂತ್ರ ಒಂದೇ: ಬೇಯಿಸೋದು ಮನೆಯಲ್ಲಿ, ಬಿಸಿ ಮಾಡೋದು ಮಾತ್ರ ಐಸ್ ಮೇಲೆ. ಇಲ್ಲಿನವರ ಊಟ ನೋಡಿದ್ರೆ ಇದು ಅರ್ಥ ಆಗುತ್ತೆ. ಮಾಂಸ, ಬೀನ್ಸ್ ಕಾಳು ಹಾಕಿದ ಗಟ್ಟಿ ಚಿಲಿ. ಆಲೂಗಡ್ಡೆ ಪದರದ 'ಹಾಟ್‌ಡಿಶ್'. ವೈಲ್ಡ್ ರೈಸ್ ಸೂಪು. ಈ ವೈಲ್ಡ್ ರೈಸ್ ಇಲ್ಲಿನ ಸರೋವರಗಳಲ್ಲೇ ಬೆಳೆಯೋ ಹುಲ್ಲಿನ ಕಾಳು. ಓಜಿಬ್ವೆ ಮೂಲನಿವಾಸಿಗಳು 'ಮನೋಮಿನ್' ಅಂತ ಕರೆಯೋ ಅದನ್ನ ತಲೆತಲಾಂತರದಿಂದ ದೋಣಿಯಲ್ಲಿ ಹೋಗಿ ಕೊಯ್ತಾ ಬಂದಿದ್ದಾರೆ. ಎಲ್ಲವೂ ಮೊದಲೇ ಮಾಡಿಟ್ಟು, ಒಂದೇ ಪಾತ್ರೆಯಲ್ಲಿ ಬಿಸಿ ಮಾಡಬಹುದಾದ ಅಡುಗೆಗಳು.

ಫೆಬ್ರವರಿಯಲ್ಲಿ ಎರಡನೇ ಸಲ ಹೋದಾಗ ನಮ್ಮ ಪಟ್ಟಿ ಹೀಗಿತ್ತು. ಶನಿವಾರ ಮಧ್ಯಾಹ್ನ ಚಪಾತಿ, ಚಟ್ನಿಪುಡಿ, ಒಣ ಪಲ್ಯ; ಕಾವಲಿ ಮೇಲೆ ಎರಡು ನಿಮಿಷ. ರಾತ್ರಿಗೆ ಬಿಸಿಬೇಳೆಬಾತ್: ಮನೆಯಲ್ಲೇ ಮಾಡಿ, ಚೀಲದಲ್ಲಿ ತೆಳ್ಳಗೆ ಚಪ್ಪಟೆಯಾಗಿ ಹರಡಿ ಫ್ರೀಜ್ ಮಾಡಿದ್ದು. ಉಂಡೆಯಾಗಿ ಹೆಪ್ಪುಗಟ್ಟಿಸಿದ್ರೆ ನಡುಭಾಗ ಕರಗೋ ಹೊತ್ತಿಗೆ ತಳ ಸೀದಿರುತ್ತೆ; ತೆಳ್ಳಗಿದ್ರೆ ಬೇಗ ಆಗುತ್ತೆ. ಪಾತ್ರೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿದ್ರಾಯ್ತು. ಒಗ್ಗರಣೆ ಮನೆಯಲ್ಲೇ ಮುಗಿದಿತ್ತು. ಆ ಡಬ್ಬದೊಳಗೆ ಒಣಮೆಣಸಿನಕಾಯಿ ಘಾಟು ಎದ್ರೆ ಮೀನಿಗೂ ಕೆಮ್ಮು ಬರುತ್ತೆ. ಭಾನುವಾರ ಬೆಳಿಗ್ಗೆ ಬಾಟಲಿ ಮೊಟ್ಟೆ, ಬ್ರೆಡ್, ಫ್ಲಾಸ್ಕ್‌ನಲ್ಲಿ ತಂದ ಡಿಕಾಕ್ಷನ್ ಕಾಫಿ. ಹೊರಡೋ ಮುಂಚೆ ಗೊಜ್ಜವಲಕ್ಕಿ, ಒಲೆಯೇ ಬೇಡ.

ಮೀನು? ಮೀನು ಬೋನಸ್, ಮೆನುವಿನ ಲೆಕ್ಕಕ್ಕಿಲ್ಲ. ಸಿಗದಿದ್ರೆ ಉಪವಾಸ ಅನ್ನೋ ಪ್ಲಾನ್ ಪ್ಲಾನೇ ಅಲ್ಲ. ನಮಗೆ ಎರಡು ವಾಲೈ ಸಿಕ್ಕಿತು, ಇಲ್ಲಿನವರು ಅತಿ ಇಷ್ಟಪಡೋ ಮೀನು. ಅವರು ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಕರೀತಾರೆ, ನಾವು ಮಂಗಳೂರು ಕಡೆಯ ಹಾಗೆ ಖಾರ ಸವರಿ ರವೆಯಲ್ಲಿ ಹೊರಳಿಸಿದ್ವಿ. ಟೆಕ್ನಿಷಿಯನ್ ಮೂರು ತುಂಡು ತಿಂದ್ರು. ಕರಿದದ್ದು ಮಾತ್ರ ಬಾಗಿಲಾಚೆ. ಕಾದ ಎಣ್ಣೆಗೆ ಒಂದು ಹಿಡಿ ಹಿಮ ಬಿದ್ರೂ ಅಪಾಯ. ನೀರು ಹಬೆಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತೆ, ಎಣ್ಣೆ ಸಿಡಿದು ಬೆಂಕಿ ಹತ್ತುತ್ತೆ. ಮೀನಿನ ಮೇಲಿನ ಐಸ್, ನೀರು ಎಲ್ಲ ಒರೆಸಿಯೇ ಬಿಡಬೇಕು.

ಪಾತ್ರೆ ತೊಳೆಯೋ ಹಾಗಿಲ್ಲ, ಒರೆಸಬೇಕು. 2023ರಲ್ಲಿ ಮಿನ್ನೆಸೋಟಾ ಕಾನೂನು ಬಿಗಿಯಾಯ್ತು: ಕಸ, ಕೊಳಕು, ಮೀನಿನ ತ್ಯಾಜ್ಯ ಯಾವುದನ್ನೂ ಐಸ್ ಮೇಲೆ ಹಾಕೋ ಹಾಗಿಲ್ಲ, ದಂಡ 100 ಡಾಲರ್. ವಸಂತದಲ್ಲಿ ಐಸ್ ಕರಗಿದ್ರೆ ಎಲ್ಲ ನೀರಿಗೇ ತಾನೇ? ಉಳಿದ ಎಣ್ಣೆ ಚಳಿಗೆ ತಾನಾಗೇ ಗಟ್ಟಿಯಾಗುತ್ತೆ, ಡಬ್ಬಿಗೆ ಹಾಕಿ ಮನೆಗೆ ತಂದ್ವಿ. ಆ ಸಲ ಒಳಗಿನ ಒಲೆ ಎರಡು ದಿನ ಸೇರಿ ಒಂದು ಗಂಟೆ ಉರೀತೋ ಇಲ್ವೋ. ಕಿಟಕಿ ಪೂರ್ತಿ ಹೊತ್ತು ತೆರೆದಿತ್ತು, ಬೆನ್ನಿಗೆ ಚಳಿ ಹೊಡೀತಾನೇ ಇತ್ತು.

ಕೊನೆಗೊಂದು ಲೆಕ್ಕ, ಇದು ನಿಮಗೆ

ಹೆಪ್ಪುಗಟ್ಟಿದ ಸರೋವರ ನಿಮಗೆ ದೂರದ ಮಾತು ಇರಬಹುದು. ಆದ್ರೆ ನಿಮ್ಮಲ್ಲಿ ಎಷ್ಟೋ ಜನ ಪಿ.ಜಿ.ಯಲ್ಲಿ, ಬಾಡಿಗೆ ರೂಮಲ್ಲಿ ಇದ್ದೀರಿ. ಎಷ್ಟೋ ಕಡೆ ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್. ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಏರಿಸೋಕೆ ಬೇಕಾದ ಶಕ್ತಿ ಸುಮಾರು 10 ಕಿಲೋವಾಟ್, ನಮ್ಮ ಫಿಶ್ ಹೌಸಿನ ಒಲೆ, ಹೀಟರ್ ಎರಡೂ ಸೇರಿಸಿದ್ದಕ್ಕಿಂತ ಎರಡು ಪಟ್ಟು. ಬಾತ್‌ರೂಮು 7.5 ಘನ ಮೀಟರ್ ಅಂತ ಇಟ್ಕೊಂಡು ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ. ಕಿಂಡಿ ಮುಚ್ಚಿದ್ರೆ 18ಕ್ಕೆ ಇಳಿಯೋಕೆ ಸುಮಾರು 6 ನಿಮಿಷ. ಒಂದು ಸ್ನಾನದ ಹೊತ್ತೂ ಅಲ್ಲ. ಗೀಸರ್‌ನಿಂದ ಸತ್ತವರ ಸುದ್ದಿ ಪೇಪರ್‌ನಲ್ಲಿ ಓದಿರ್ತೀರಿ, ಅದರ ಹಿಂದಿರೋದು ಇದೇ ಲೆಕ್ಕ.

ನಮ್ಮ ಗೋಡೆ ಮೇಲೆ ಅಲಾರಂ ಇತ್ತು, ಪಕ್ಕದ ಗುಡಿಸಲಿನಲ್ಲಿ ಅದನ್ನ ಕೇಳಿಸ್ಕೊಂಡ ಒಬ್ಬರಿದ್ರು. ಇವತ್ತು ಸಂಜೆ ರೂಮಿಗೆ ಹೋದಾಗ ಬಾತ್‌ರೂಮಿನ ಕಿಂಡಿ ಒಂದ್ಸಲ ನೋಡಿ. ಚಳಿಗೆ ಅಂತ ಯಾರಾದ್ರೂ ರಟ್ಟು ಸಿಕ್ಕಿಸಿದ್ರೆ ಕಿತ್ತುಹಾಕಿ. ಗೀಸರ್ ಒಳಗಿದ್ರೆ ಅದನ್ನ ಹೊರಗೆ ಹಾಕಿಸಿ ಅಂತ ಓನರ್ ಹತ್ರ ಮಾತಾಡಿ, ಒಬ್ಬರೇ ಅಲ್ಲ, ರೂಮಿನವರೆಲ್ಲ ಸೇರಿ. ಅಲ್ಲೀವರೆಗೆ ಬಕೆಟ್ ತುಂಬಿಸ್ಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸ್ನಾನ ಮಾಡಿ.