ಅಜ್ಜನಿಗೆ ಬಂದಿತ್ತು, ನನಗೂ ಬರುತ್ತಾ? ಕ್ಯಾನ್ಸರ್, ವಂಶ ಮತ್ತು ಪರಿಸರ

ಕ್ಯಾನ್ಸರ್ ವಂಶದಿಂದ ಬರುತ್ತಾ, ಇಲ್ಲಾ ನಾವು ಬದುಕೋ ರೀತಿಯಿಂದ ಬರುತ್ತಾ? ಕೇಳುಗರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ನಮ್ಮ ಮನೆಯದ್ದೂ ಇದೇ ಪ್ರಶ್ನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಜ್ಜನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಹದಿನೈದು ವರ್ಷದ ನಂತರ ದೊಡ್ಡಪ್ಪನಿಗೂ ಆಯ್ತು. ಅಲ್ಲಿಗೆ ಊರಲ್ಲಿ ತೀರ್ಮಾನ ಆಗಿಹೋಯ್ತು, 'ಆ ಮನೇಲಿ ಅದು ಇದೆ' ಅಂತ. ಅಕ್ಕನ ಜಾತಕ ಹೊಂದಿ, ಮಾತುಕತೆ ಮುಗೀತು ಅನ್ನೋ ಹೊತ್ತಿಗೆ ಗಂಡಿನ ಕಡೆಯವರು ಹಿಂದೆ ಸರಿದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆದರೆ ಅಜ್ಜನಿಂದ ದೊಡ್ಡಪ್ಪನಿಗೆ ಬಂದದ್ದು ಏನು? ನನ್ನ ಪ್ರಕಾರ, ಕವಳದ ತಟ್ಟೆ. ಅಜ್ಜ ಕೂರುತ್ತಿದ್ದ ಜಗಲಿಯಲ್ಲೇ ದೊಡ್ಡಪ್ಪನೂ ಕೂತು ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕ್ತಿದ್ದರು. ಹದಿನಾರನೇ ವಯಸ್ಸಿಗೇ ಶುರು. ತಂಬಾಕಿನ ವಿಷಯ ಎಲ್ಲರಿಗೂ ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಹೇಳಿದೆ. ನಮ್ಮ ಕಡೆ ಈ ಮಾತಾಡಿದರೆ ಜಗಳಕ್ಕೇ ಬರ್ತಾರೆ. ನನ್ನ ಓದು ಮುಗಿದದ್ದೂ ಅಡಿಕೆ ದುಡ್ಡಲ್ಲೇ. ಆದ್ರೂ ಹೇಳದೆ ಇರೋಕಾಗಲ್ಲ.

ಕ್ಯಾನ್ಸರ್ ವಿಷಯದಲ್ಲಿ ವಿಜ್ಞಾನಿಗಳು 'ಪರಿಸರ' ಅಂದರೆ ಗಿಡಮರ ಅಂತಲ್ಲ. ಹುಟ್ಟುವಾಗ ಬಂದ ಜೀನ್ ಬಿಟ್ಟು ಹೊರಗಿನಿಂದ ಬರೋದೆಲ್ಲ ಅದೇ ಲೆಕ್ಕ: ತಂಬಾಕು, ಮದ್ಯ, ಎಚ್‌ಪಿವಿ ವೈರಸ್, ಕಲುಷಿತ ಗಾಳಿ. 1775ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿಯೊಳಗೆ ಇಳಿದು ಸ್ವಚ್ಛ ಮಾಡುವವರಿಗೆ ಬರುವ ವೃಷಣಚೀಲದ ಕ್ಯಾನ್ಸರ್‌ಗೆ ಮಸಿಯೇ ಕಾರಣ ಅಂತ ಗುರುತಿಸಿದ್ದ.

ಹಾಗಾದ್ರೆ ವಂಶದ್ದು ಸುಳ್ಳಾ? ಅಲ್ಲ. ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 5ರಿಂದ 10 ನಿಜಕ್ಕೂ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುತ್ತವೆ. ಅದು ಹೇಗೆ ಅನ್ನೋದನ್ನ 1971ರಲ್ಲಿ ಅಮೆರಿಕದ ಆಲ್ಫ್ರೆಡ್ ಕ್ನುಡ್ಸನ್ ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕಿ ವಿವರಿಸಿದರು. ಸೈಕಲ್‌ಗೆ ಎರಡು ಬ್ರೇಕ್ ಇದೆ ಅಂದ್ಕೊಳ್ಳಿ. ಜೀವಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಜೀನ್ ಕೂಡ ನಮ್ಮಲ್ಲಿ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಹೆಚ್ಚಿನವರಲ್ಲಿ ಒಂದೇ ಕೋಶದಲ್ಲಿ ಎರಡೂ ಕೆಡಬೇಕು. ಅದಕ್ಕೆ ಸಮಯ ಬೇಕು. ಒಂದು ಬ್ರೇಕ್ ಹುಟ್ಟುವಾಗಲೇ ಕೆಟ್ಟಿದ್ದರೆ? ಇನ್ನೊಂದು ಕೆಟ್ಟರೆ ಸಾಕು. ಅದಕ್ಕೇ ವಂಶದ ಕ್ಯಾನ್ಸರ್ ಸಣ್ಣ ವಯಸ್ಸಿಗೇ ಬರೋದು, ಎರಡೂ ಕಣ್ಣಿಗೆ, ಎರಡೂ ಸ್ತನಕ್ಕೆ ಬರೋದು.

ಇದನ್ನ ಓದಿದ ಮೇಲೆ ನನಗೆ ನೆನಪಾದದ್ದು ಅಜ್ಜ ಅಲ್ಲ, ಚಿಕ್ಕಮ್ಮ. ಅಮ್ಮನ ತಂಗಿ. ಅವರಿಗೆ ಸ್ತನ ಕ್ಯಾನ್ಸರ್ ಆದಾಗ 38 ವರ್ಷ. ಅವರ ತಾಯಿ, ಅಂದರೆ ನನ್ನ ಅಮ್ಮಮ್ಮ, ತೀರಿಕೊಂಡದ್ದು ಅಂಡಾಶಯದ ಗಡ್ಡೆಯಿಂದ. ಇವೆರಡೂ ಒಂದೇ ಬಳ್ಳಿಯಲ್ಲಿ ಕಂಡರೆ ಬಿಆರ್‌ಸಿಎ ಅನ್ನೋ ಜೀನ್ ಮೇಲೆ ವೈದ್ಯರು ಅನುಮಾನ ಪಡ್ತಾರೆ. ನಮ್ಮಲ್ಲಿ ಯಾರೂ ಇದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಂಗಸರ ಕಾಯಿಲೆ, ಅದೂ ಅಮ್ಮನ ತವರಿನದ್ದು!

ಆಪ್ತಸಮಾಲೋಚಕರು ಹೇಳಿದ್ದು, ಮೊದಲು ಕಾಯಿಲೆ ಆದವರ ರಕ್ತವನ್ನೇ ಪರೀಕ್ಷೆ ಮಾಡಿಸಿ ಅಂತ. ಅವರಲ್ಲಿ ಯಾವ ದೋಷ ಇದೆ ಅಂತ ಗೊತ್ತಾಗದೆ ಆರೋಗ್ಯವಾಗಿರುವವರಿಗೆ 'ಇಲ್ಲ' ಅಂತ ವರದಿ ಬಂದರೆ ಅದರಿಂದ ಹೆಚ್ಚೇನೂ ತಿಳಿಯಲ್ಲ. ಚಿಕ್ಕಮ್ಮನಲ್ಲಿ ಬಿಆರ್‌ಸಿಎ1 ದೋಷ ಸಿಕ್ಕಿತು. ಅದು ಇರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 60ರಿಂದ 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರಬಹುದು. ಉಳಿದವರಿಗೆ ಬರಲ್ಲ, ಇದನ್ನೂ ಕೇಳಿಸ್ಕೊಳ್ಳಿ. ದೋಷ ಗೊತ್ತಿದ್ದರೆ 25ರಿಂದ 30ರ ವಯಸ್ಸಿಗೇ ಎಂಆರ್‌ಐ ತಪಾಸಣೆ ಶುರು ಮಾಡಬಹುದು. ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ದಾರಿಯೂ ಇದೆ.

ಕಳೆದ ವಾರ ಅಮ್ಮನ ರಕ್ತ ಕೊಟ್ಟು ಬಂದೆವು. ವರದಿ ಇನ್ನೂ ಬಂದಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಅಮ್ಮ ಕೇಳಿದಳು, "ನಂದ್ರಲ್ಲಿ ಇದ್ರೆ ಅಕ್ಕಂಗೆ ನೋಡಿಸ್ಬೇಕು, ಸರಿ. ನೀನು ಗಂಡು ಹುಡುಗ, ನಿಂಗೆ ಯಾಕೆ?"

ಗಂಡಸರಿಗೂ ಇದು ಬರುತ್ತೆ, ಅವರಿಂದ ಮಕ್ಕಳಿಗೂ ಹೋಗುತ್ತೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನನ್ನ ಮಗಳಿಗೆ ಆರು ವರ್ಷ. "ನೋಡಿಸ್ತೀನಿ ಅಮ್ಮ" ಅಂದೆ.