ಎರೆಮಣ್ಣು, ಕಡಲ ಮರಳು ಮತ್ತು ನಾಲ್ಕು ಗಾಲಿಗಳ ಚಾಲನೆ

ಬೈಲಹೊಂಗಲದ ಸುತ್ತಣ ಎರೆಹೊಲಗಳಲ್ಲಿ ಮುಂಗಾರಿನ ಹದಮಳೆಗಳು ಸುರಿದ ಮೇಲೆ ವಾಹನವನ್ನು ದಾರಿಯಿಂದ ಕೆಳಗಿಳಿಸಿ ನೋಡಿದ ಯಾರಿಗೇ ಆಗಲಿ, ಗಾಲಿ ಸುತ್ತುವುದು ಬೇರೆ, ವಾಹನ ಮುಂದೆ ಸಾಗುವುದು ಬೇರೆ ಎಂಬುದು ಆ ಕ್ಷಣದಲ್ಲಿಯೇ ಮನವರಿಕೆಯಾಗುತ್ತದೆ. ಎಂಜಿನ್ನು ಗರ್ಜಿಸುತ್ತಿರುತ್ತದೆ, ಗಾಲಿ ಭರದಿಂದ ತಿರುಗುತ್ತಿರುತ್ತದೆ, ಬಂಡಿಯಾದರೋ ನಿಂತಲ್ಲಿಯೇ ಗೇಣುಗೇಣಾಗಿ ಕೆಳಗಿಳಿಯುತ್ತಿರುತ್ತದೆ. ಇಂಥ ನೆಲದಲ್ಲಿ ಬೆಳೆದ ತರುಣರು ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ಜೀಪು, ಥಾರ್, ಜಿಪ್ಸಿಗಳನ್ನು ಹೊಂದಿಸಿಕೊಂಡು, ಕಿತ್ತೂರಿನಲ್ಲಿ ಕೂಡಿ, ಧಾರವಾಡ, ಹಳಿಯಾಳ, ದಾಂಡೇಲಿ, ಜೋಯಿಡಾಗಳನ್ನು ದಾಟಿ, ಅಣಶಿ ಘಟ್ಟವನ್ನಿಳಿದು, ಕಾರವಾರದ ಕಡಲ ಸೀಮೆಯಲ್ಲಿ ಶನಿವಾರದ ಇರುಳು ಡೇರೆ ಹಾಕಬೇಕೆಂದು ಹಂಬಲಿಸುವುದು ಅತ್ಯಂತ ಸಹಜವಾದ ಸಂಗತಿ. ತಂಡ ಕಟ್ಟಿಕೊಂಡು ಹೋಗಿ, ಹೋದಲ್ಲಿ ಒಲೆ ಹೂಡಿ, ಬಯಲಿನಲ್ಲಿ ರಾತ್ರಿ ಕಳೆಯುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆಗೆ ಸಾಲುಗಟ್ಟಿ ನಡೆಯುತ್ತಿದ್ದ ಚಕ್ಕಡಿಗಳು ಮಾಡುತ್ತಿದ್ದುದೂ ಅದನ್ನೇ.

ಆ ಚಕ್ಕಡಿಯಿಂದಲೇ ಈ ಯಂತ್ರದ ವಿಚಾರವನ್ನು ಆರಂಭಿಸಬಹುದು. ಚಕ್ಕಡಿಯ ಗಾಲಿಗೆ ಭಾರ ಹೊತ್ತು ಉರುಳುವುದೊಂದೇ ಕೆಲಸ. ನೆಲವನ್ನು ಒತ್ತಿ ಹಿಂದಕ್ಕೆ ನೂಕಿ ಬಂಡಿಯನ್ನು ಮುಂದಕ್ಕೆಳೆಯುವ ಹೊಣೆಯೆಲ್ಲ ಎತ್ತುಗಳದು. ಅವುಗಳ ಸೀಳು ಗೊರಸು ಮೆತ್ತನೆಯ ನೆಲದಲ್ಲಿ ಅಗಲಿಸಿ ಊರಿಕೊಳ್ಳುತ್ತದೆ. ಮೋಟಾರು ವಾಹನದಲ್ಲಿ ಹೊರುವ ಕೆಲಸ, ಎಳೆಯುವ ಕೆಲಸ ಎರಡೂ ಗಾಲಿಯ ಮೇಲೆಯೇ ಬೀಳುತ್ತವೆ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ ತಲುಪುವ ವಾಹನವೊಂದರ ತೂಕ 1700 ಕಿಲೋ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು ಅರ್ಧ ಭಾರವು ಮುಂದಿನ ಗಾಲಿಗಳ ಮೇಲಿರುತ್ತದೆ. ಅವು ಹಿಂದಿನಿಂದ ನೂಕಿಸಿಕೊಳ್ಳುವ ಚಕ್ಕಡಿಯ ಗಾಲಿಗಳೇ ಹೊರತು ಬೇರೆಯಲ್ಲ. ಮೆತ್ತನೆಯ ನೆಲದಲ್ಲಿ ಅವು ತಮ್ಮೆದುರಿಗೆ ಮಣ್ಣಿನ ಒಡ್ಡನ್ನು ಒಟ್ಟಿಕೊಳ್ಳುತ್ತ ಸಾಗುವುದರಿಂದ, ಉಳಿದರ್ಧ ಭಾರದ ಬಲದಿಂದ ನೆಲವನ್ನು ಹಿಡಿದಿರುವ ಹಿಂದಿನ ಗಾಲಿಗಳು ಆ ಒಡ್ಡನ್ನೂ ಗೆಲ್ಲಬೇಕಾಗುತ್ತದೆ. ನಾಲ್ಕಕ್ಕೂ ಚಾಲನೆ ದೊರೆತಾಗ ವಾಹನದ ಇಡೀ ಭಾರವೇ ಹಿಡಿತವಾಗಿ ಪರಿಣಮಿಸುತ್ತದೆ. ಮುಂದಿನ ಗಾಲಿ ಒಡ್ಡನ್ನು ನೂಕದೆ ಅದರ ಮೇಲೇರುತ್ತದೆ. ಎಂಜಿನ್ನಿನ ಬಲ ಇದರಿಂದ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ನೆಲವು ಕೊಡಲು ಸಿದ್ಧವಿರುವ ಆಸರೆಯನ್ನು ಎರಡು ಕಡೆಯ ಬದಲು ನಾಲ್ಕು ಕಡೆಗಳಿಂದ ಪಡೆದುಕೊಳ್ಳುವ ಉಪಾಯ ಇದು, ಅಷ್ಟೇ.

ಉಪಾಯವು ಸರಳವಾಗಿದ್ದರೂ ಅದರ ನಿರ್ಮಾಣ ಸರಳವಾಗಿರಲಿಲ್ಲ. 1903ರಲ್ಲಿಯೇ ಹಾಲೆಂಡಿನ ಸ್ಪೈಕರ್ ಸೋದರರು ನಾಲ್ಕೂ ಗಾಲಿಗಳಿಗೆ ಚಾಲನೆಯುಳ್ಳ ಕಾರನ್ನು ಕಟ್ಟಿದ್ದರೂ, ಮುಂದಿನ ಗಾಲಿಯು ಎಡಬಲಕ್ಕೆ ಹೊರಳುತ್ತಲೇ ಶಕ್ತಿಯನ್ನೂ ಪಡೆಯಬೇಕಾದಲ್ಲಿ ಸಾಮಾನ್ಯವಾದ ಶಿಲುಬೆಯಾಕಾರದ ಸಂಧಿಯು ಒಂದೇ ಸುತ್ತಿನಲ್ಲಿ ಗಾಲಿಯನ್ನು ಒಮ್ಮೆ ತ್ವರೆಯಿಂದಲೂ ಒಮ್ಮೆ ನಿಧಾನದಿಂದಲೂ ತಿರುಗಿಸುತ್ತಿದ್ದುದು ದೊಡ್ಡ ತೊಡಕಾಗಿತ್ತು. 1920ರ ದಶಕದಲ್ಲಿ ಫ್ರಾನ್ಸಿನ ಗ್ರೆಗ್ವಾರ್, ಅಮೆರಿಕದ ರ‍್ಜೆಪ್ಪಾ ಮೊದಲಾದವರು ಸಮವೇಗದ ಸಂಧಿಗಳನ್ನು ರೂಪಿಸಿದ ಬಳಿಕವೇ ದಾರಿ ಸುಗಮವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳನ್ನು ತಯಾರಿಸಿದವು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದಂದಿನಿಂದ ಈ ಯಂತ್ರ ನಮ್ಮದೂ ಆಯಿತು. ಇಂದಿನ ಥಾರ್ ಆ ವಂಶದ ಕುಡಿ.

ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿರುವುದೇ ಈ ವಾಹನದ ವೈಶಿಷ್ಟ್ಯ. ಚಾಲಕನ ಕೈಬಳಿಯ ಚಿಕ್ಕ ಸನ್ನೆಯನ್ನು ‘ಟೂ ಎಚ್’ನಿಂದ ‘ಫೋರ್ ಎಚ್’ಗೆ ತಳ್ಳಿದಾಗ ಅದು ಎಂಜಿನ್ನಿನಿಂದ ಬಂದ ಶಕ್ತಿಯನ್ನು ಮುಂದಿನ ಅಚ್ಚಿಗೂ ಹರಿಸಿ, ಮುಂದಿನ ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿಯಾಗಿ ಬೆಸೆಯುತ್ತದೆ. ‘ಫೋರ್ ಎಲ್’ಗೆ ತಂದಾಗ ಹಲ್ಲುಗಾಲಿಗಳ ಇನ್ನೊಂದು ಜೋಡಿ ನಡುವೆ ಸೇರಿ, ವೇಗ ಇಳಿದು ತಿರುಚುಬಲ ಏರುತ್ತದೆ, ಯುದ್ಧಕಾಲದ ಜೀಪಿನಲ್ಲಿ ಈ ಅನುಪಾತ 1.97, ಎಂದರೆ ಹೆಚ್ಚುಕಡಿಮೆ ಇಮ್ಮಡಿ. ಇಷ್ಟಾದರೂ ವಾಹನ ಸಿಕ್ಕಿಕೊಳ್ಳುವುದುಂಟು, ಏಕೆಂದರೆ ಪ್ರತಿಯೊಂದು ಅಚ್ಚಿನ ನಡುವೆಯೂ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ದೂರ ಕ್ರಮಿಸಬೇಕಾದುದರಿಂದ ಅದು ಅನಿವಾರ್ಯ; ಆದರೆ ಎರಡು ಗಾಲಿಗಳಿಗೂ ಸಮಾನವಾದ ತಿರುಚುಬಲವನ್ನು ಹಂಚುವುದು ಅದರ ಸ್ವಭಾವವಾದುದರಿಂದ, ಒಂದು ಗಾಲಿ ಕೆಸರಿನಲ್ಲಿ ವ್ಯರ್ಥವಾಗಿ ಸುತ್ತುತ್ತಿದ್ದರೆ ಗಟ್ಟಿನೆಲದ ಮೇಲಿರುವ ಅದರ ಜೊತೆಗಾರನಿಗೂ ಅಷ್ಟೇ ಕ್ಷುದ್ರವಾದ ಬಲ ದೊರೆಯುತ್ತದೆ. ಮುಂದಿನ ಅಚ್ಚಿನ ಒಂದು ಗಾಲಿ, ಹಿಂದಿನ ಅಚ್ಚಿನ ಒಂದು ಗಾಲಿ ಹಿಡಿತ ಕಳೆದುಕೊಂಡರೆ ಸಾಕು, ನಾಲ್ಕು ಗಾಲಿಗಳ ಚಾಲನೆಯುಳ್ಳ ವಾಹನವೂ ನಿಂತುಹೋಗುತ್ತದೆ. ಡಿಫರೆನ್ಷಿಯಲನ್ನು ಬಿಗಿದು ಲಾಕು ಮಾಡುವ ಸಾಧನ ಬಂದುದು ಈ ಕಾರಣದಿಂದಲೇ.

ಇನ್ನು ನೆಲದ ಮಾತು. ಈ ವಿಷಯದಲ್ಲಿ ಯಂತ್ರಕ್ಕಿಂತ ನನಗೆ ಹೆಚ್ಚು ರಮ್ಯವಾಗಿ ತೋರುವುದು ಇದೇ. ವಿದ್ಯುದಾವೇಶಗಳ ನಿಯಮದಿಂದ ಪ್ರಸಿದ್ಧನಾದ ಫ್ರಾನ್ಸಿನ ಕುಲೋಂ, 1776ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಮಣ್ಣು ಜಾರದಂತೆ ತಡೆಯುವ ಬಲಕ್ಕೆ ಎರಡು ಮೂಲಗಳುಂಟೆಂದು ತೋರಿಸಿದನು: ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಬಂಧ ಒಂದು, ಮೇಲಿನ ಭಾರದಿಂದ ಅವುಗಳ ನಡುವೆ ಉಂಟಾಗುವ ಘರ್ಷಣೆ ಇನ್ನೊಂದು. ಒಣ ಮರಳಿನಲ್ಲಿ ಬಂಧವೆಂಬುದಿಲ್ಲ, ಇರುವುದೆಲ್ಲ ಘರ್ಷಣೆ. ಭಾರ ಹೆಚ್ಚಿದಷ್ಟೂ ಅದು ಗಾಲಿಗೆ ಪ್ರತಿಯಾಗಿ ಹೆಚ್ಚು ಆಸರೆ ಕೊಡುತ್ತದೆ. ನೀರು ಕುಡಿದು ತಣಿದ ಎರೆಮಣ್ಣಿನ ಸ್ಥಿತಿ ತದ್ವಿರುದ್ಧ. ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ ಯುಗಯುಗಾಂತರಗಳಲ್ಲಿ ಶಿಥಿಲಗೊಂಡು ಹುಟ್ಟಿದ ಮಣ್ಣಿದು. ಇದರಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲ್ಲೊನೈಟ್ ವರ್ಗದ ಜೇಡಿಯು ತನ್ನ ಸೂಕ್ಷ್ಮ ಪದರಗಳ ನಡುವೆ ನೀರನ್ನು ಸೆಳೆದುಕೊಂಡು ಉಬ್ಬುತ್ತದೆ. ಆಗ ಮೇಲಿನಿಂದ ಬಿದ್ದ ಭಾರವನ್ನು ಕಣಗಳ ಬದಲು ಅವುಗಳ ನಡುವಣ ನೀರೇ ಹೊರುವುದರಿಂದ ಘರ್ಷಣೆ ಬೆಳೆಯುವುದಿಲ್ಲ. ಎಷ್ಟು ಭಾರ ಹೇರಿದರೂ ಆಸರೆ ಇದ್ದಷ್ಟೇ. ಸಾಲದುದಕ್ಕೆ ಈ ಮಣ್ಣು ಟೈರಿನ ಗೀರುಗಳನ್ನೆಲ್ಲ ತುಂಬಿ ಅದನ್ನು ನುಣುಪಾದ ಉಂಡೆಯಾಗಿಸುತ್ತದೆ. ರಾಮದುರ್ಗದ ಬಳಿ ಮಲಪ್ರಭೆಯ ಪಾತ್ರದಲ್ಲಿ ಮರಳನ್ನು ಕಂಡವರಿಗೆ ಈ ಎರಡು ಗುಣಗಳ ಭೇದ ತಮ್ಮ ತಾಲೂಕುಗಳೊಳಗೇ ತಿಳಿದೀತು.

ಈ ಭೇದವನ್ನರಿಯದೆ ಎರೆನೆಲದ ಅಭ್ಯಾಸವನ್ನು ಕಡಲ ಸೀಮೆಗೆ ಕೊಂಡೊಯ್ಯುವವರು ಅಲ್ಲಿಯ ಗಾಳಿಮರದ ತೋಪುಗಳ ನಡುವಣ ಮರಳುದಾರಿಯಲ್ಲಿ ಕಷ್ಟಕ್ಕೀಡಾಗುತ್ತಾರೆ. ಕೆಸರಿನಲ್ಲಿ ಗಾಲಿಯನ್ನು ತುಸು ಭರದಿಂದ ತಿರುಗಿಸಿದರೆ ಗೀರುಗಳಲ್ಲಿ ತುಂಬಿದ ಮಣ್ಣು ಸಿಡಿದುಹೋಗಿ ಹಿಡಿತ ಮರಳಬಹುದು. ಮರಳಿನಲ್ಲಿ ಹಾಗೆ ಮಾಡಿದವನು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಾನೆ. ಕೆಸರಿನಲ್ಲಿ ಹಿಂದಿನವರ ಜಾಡನ್ನು ಬಿಟ್ಟು ಹೊಸ ನೆಲ ಹಿಡಿಯುವುದು ಜಾಣತನ. ಮರಳಿನಲ್ಲಿ ಮುಂದೆ ಹೋದವನ ಗಾಲಿ ಒತ್ತಿ ಗಟ್ಟಿಮಾಡಿದ ಜಾಡೇ ಉತ್ತಮವಾದ ದಾರಿ. ಎಲ್ಲಕ್ಕಿಂತ ಮಿಗಿಲಾದುದು ಟೈರಿನ ಗಾಳಿ. ನಾವು ಎಣಿಸಿದ 1700 ಕಿಲೋ ವಾಹನದಲ್ಲಿ ಗಾಲಿಯೊಂದಕ್ಕೆ 425 ಕಿಲೋ ಭಾರ ಬರುತ್ತದೆ. ಟೈರಿನಲ್ಲಿ 32 ಪೌಂಡು ಒತ್ತಡವಿದ್ದರೆ ಅದು ನೆಲಕ್ಕೆ ತಗಲುವ ಜಾಗ, ಟೈರಿನ ಸ್ವಂತ ಬಿಗುವನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವುದಾದರೆ, ಸುಮಾರು 190 ಚದರ ಸೆಂಟಿಮೀಟರು. 16 ಪೌಂಡಿಗೆ ಇಳಿಸಿದರೆ ಸುಮಾರು 380. ಹೆಜ್ಜೆ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಬೆಳೆಯುತ್ತದೆ, ಹೂಳುವಿಕೆ ತಗ್ಗುತ್ತದೆ, ಎದುರಿನ ಒಡ್ಡು ಕಿರಿದಾಗುತ್ತದೆ. 1920ರ ದಶಕದ ಕೊನೆಯಿಂದ ಲಿಬಿಯದ ಮರುಭೂಮಿಯನ್ನು ಶೋಧಿಸಿದ ಬ್ರಿಟಿಷ್ ಸೈನ್ಯಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್, ಎರಡೇ ಗಾಲಿಗಳ ಚಾಲನೆಯ ಫೋರ್ಡ್ ಕಾರುಗಳಲ್ಲಿ ಮಹಾ ಮರಳದಿಬ್ಬಗಳನ್ನು ದಾಟಿದ್ದು ಟೈರಿನ ಗಾಳಿಯನ್ನು ತಗ್ಗಿಸಿ, ಸಿಕ್ಕಿಕೊಂಡಲ್ಲಿ ಗಾಲಿಯಡಿಗೆ ಉಕ್ಕಿನ ಹಲಗೆಗಳನ್ನು ಕೊಟ್ಟು. ಮರಳಿನ ಚಲನೆಯನ್ನು ಕುರಿತು ಅವನು 1941ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆ ಶಾಸ್ತ್ರದ ಅಡಿಗಲ್ಲಾಗಿದೆ.

ನೀರಂಚಿನ ಒದ್ದೆ ಮರಳು ಗಟ್ಟಿಯಾಗಿ ತೋರುವುದಕ್ಕೂ ಕಾರಣವುಂಟು: ಕಣಗಳ ನಡುವೆ ನಿಂತ ತೆಳುವಾದ ನೀರಿನ ಪೊರೆಯು ಅವುಗಳನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ಒದ್ದೆ ಮರಳನ್ನು ತುಳಿದಾಗ ಪಾದದ ಸುತ್ತ ಅದು ಕ್ಷಣಕಾಲ ಒಣಗಿದಂತೆ ಕಾಣುವುದನ್ನು ಕಡಲಿಗೆ ಹೋದ ಮಕ್ಕಳೆಲ್ಲ ಕಂಡಿರುತ್ತಾರೆ. ಒತ್ತೊತ್ತಾಗಿದ್ದ ಕಣಗಳು ಸರಿಯಬೇಕಾದರೆ ಮೊದಲು ದೂರವಾಗಬೇಕಾಗುವುದರಿಂದ, ಹೊಸದಾಗಿ ಹುಟ್ಟಿದ ಎಡೆಗಳಿಗೆ ಮೇಲಿನ ನೀರು ಇಳಿದುಹೋಗುತ್ತದೆಂದು 1885ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ವಿವರಿಸಿದನು. ಆದರೆ ಅಲೆಯು ಮತ್ತೆ ಮತ್ತೆ ಬಂದು ಎಡೆಗಳನ್ನೆಲ್ಲ ನೀರಿನಿಂದ ತುಂಬಿದಲ್ಲಿ ಆ ಸೆಳೆತವೇ ಇಲ್ಲವಾಗುತ್ತದೆ. ಅಲ್ಲಿ ನಿಲ್ಲಿಸಿದ ವಾಹನದ ಗಾಲಿಯಡಿಯ ಮರಳನ್ನು ಪ್ರತಿಯೊಂದು ಅಲೆಯೂ ಕೊರೆದೊಯ್ಯುತ್ತದೆ. ಕಾರವಾರದಲ್ಲಿ ಉಬ್ಬರವಿಳಿತಗಳ ಅಂತರ ದೊಡ್ಡದಲ್ಲದಿದ್ದರೂ, ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳೆಂಬುದನ್ನು ಮರೆತು ಇಳಿತದ ವೇಳೆಯಲ್ಲಿ ವಾಹನ ನಿಲ್ಲಿಸಿ ಮಲಗತಕ್ಕದ್ದಲ್ಲ.

ತಂಡವಾಗಿ ಹೋಗುವುದರ ಸಾರ್ಥಕ್ಯವಿರುವುದು ಸಿಕ್ಕಿಕೊಂಡ ಬಂಡಿಯನ್ನು ಇನ್ನೊಂದು ಎಳೆಯಬಲ್ಲದೆಂಬುದರಲ್ಲಿ. ಹಿಗ್ಗುವ ನೈಲಾನು ಹಗ್ಗವು ತನ್ನಲ್ಲಿ ಅಪಾರ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ಬಿಡುವುದರಿಂದ ಅದನ್ನು ಬಂಪರಿಗೆ ಕಟ್ಟದೆ ಚಾಸಿಯ ಕೊಂಡಿಗೇ ಹಾಕಬೇಕು, ಜನರು ಹಗ್ಗದ ಉದ್ದಕ್ಕಿಂತ ದೂರ ಸರಿದಿರಬೇಕು. ಎಳೆಯುವ ಮೊದಲು ಗಾಲಿಗಳ ಎದುರಿನ ಮರಳನ್ನು ಸಲಿಕೆಯಿಂದ ತೋಡಿ ತೆಗೆದರೆ ಅರ್ಧ ಕೆಲಸ ಮುಗಿದಂತೆಯೇ.

ದಾರಿ ಮುಗಿದು ತೆರೆದ ತೀರ ತೊಡಗುವಲ್ಲಿ ವಾಹನವೂ ನಿಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರವಾರ, ಅಂಕೋಲಾ, ಹೊನ್ನಾವರದ ತೀರಗಳಲ್ಲಿ ಚಳಿಗಾಲದಿಂದ ಬೇಸಗೆಯ ಮೊದಲ ದಿನಗಳವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಇರುಳಲ್ಲಿ ಮೇಲೇರಿ ಬಂದು, ಉಬ್ಬರದ ಗೆರೆಯಾಚೆ ಮೊಳದಾಳದ ಕುಳಿ ತೋಡಿ, ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು ಮರಳು ಮುಚ್ಚಿ ಹೋಗುತ್ತವೆ. ಅರಣ್ಯ ಇಲಾಖೆಯವರೂ ಮೀನುಗಾರರೂ ಬೇಲಿ ಕಟ್ಟಿ ಕಾಯುವ ಗೂಡುಗಳು ಕೆಲವು. ಕಣ್ಣಿಗೆ ಬೀಳದವೂ ಇರುತ್ತವೆ. ಮೇಲಿನಿಂದ ಗಾಲಿ ಒತ್ತಿದರೆ ಮೊಟ್ಟೆಗಳು ನಾಶವಾಗುತ್ತವೆ. ಮರಿಗಳು ಹೊರಬಂದಾಗ ಗಾಲಿಯ ಜಾಡೊಂದು ಅವುಗಳಿಗೆ ದಾಟಲಾಗದ ಕಂದರವಾಗುತ್ತದೆ, ಡೇರೆಯ ಪ್ರಖರವಾದ ದೀಪವು ಅವುಗಳನ್ನು ಕಡಲಿನ ಬದಲು ನೆಲದ ಕಡೆಗೆ ಸೆಳೆಯುತ್ತದೆ. ರಂಪಣಿ ಬಲೆ ಎಳೆಯುವವರ ದುಡಿಮೆಯ ಅಂಗಳವೂ ಅದೇ ತೀರ. ಮರಳನ್ನು ಹಿಡಿದುಕೊಂಡಿರುವ ನೇರಳೆ ಹೂವಿನ ಬಳ್ಳಿಗಳು ಗಾಲಿಗೆ ಸಿಕ್ಕಿ ಹರಿದರೆ ದಿಬ್ಬವೇ ಕರಗುತ್ತದೆ. ಡೇರೆಯನ್ನು ತೋಪಿನೊಳಗೆ, ಸ್ಥಳೀಯರ ಒಪ್ಪಿಗೆ ಪಡೆದು, ಹಾಕಿಕೊಂಡು ಕಡಲಿಗೆ ನಡೆದುಹೋಗುವುದರಿಂದ ಯಾರ ಸಂತೋಷಕ್ಕೂ ಊನ ಬರುವುದಿಲ್ಲ.

ಹಿಂದಿರುಗುವಾಗ ಡಾಂಬರು ಸಿಕ್ಕೊಡನೆ ಎರಡು ಕೆಲಸಗಳನ್ನು ಅಲ್ಲಿಯೇ ಮುಗಿಸಬೇಕು. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗಳು ವೇಗದಲ್ಲಿ ಎಡೆಬಿಡದೆ ಬಾಗಿ ಕಾದು ಸಿಡಿಯುವ ಸಂಭವವಿರುವುದರಿಂದ, ಘಟ್ಟವೇರುವ ಮೊದಲು ಗಾಳಿ ತುಂಬಿಸಿಕೊಳ್ಳಬೇಕು. ತಿರುವುಗಳಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಬಾಗನ್ನು ಸುತ್ತುತ್ತವೆ. ಮರಳಿನಲ್ಲಿ ತುಸು ಜಾರಿ ಸರಿಹೊಂದುವ ಆ ವ್ಯತ್ಯಾಸವು ಡಾಂಬರಿನ ಮೇಲೆ ಶಾಫ್ಟುಗಳನ್ನು ತಿರುಚುವುದರಿಂದ, ಸನ್ನೆಯನ್ನು ‘ಟೂ ಎಚ್’ಗೆ ತರಬೇಕು. ಊರು ಸೇರಿದ ಮೇಲೆ ಚಾಸಿಯ ಒಳಮೂಲೆಗಳಿಗೆ ಸಿಹಿನೀರು ಹಾಯಿಸಿ ಉಪ್ಪು ಮರಳನ್ನೆಲ್ಲ ತೊಳೆದು, ಡಿಫರೆನ್ಷಿಯಲನ್ನು ಒಳಗೊಂಡ ಅಚ್ಚಿನ ಹೌಸಿಂಗನ್ನು ಬಿಚ್ಚಿ ಎಣ್ಣೆಯನ್ನು ನೋಡಬೇಕು. ಓಡಿ ಕಾದ ಹೌಸಿಂಗು ತಟ್ಟನೆ ತಣ್ಣೀರಿಗಿಳಿದಾಗ ಒಳಗಣ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಕ್ಕೆಳೆದುಕೊಳ್ಳುವುದುಂಟು. ಎಣ್ಣೆಯು ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಅಂದೇ ಬದಲಿಸುವುದು ಲೇಸು.