ವಿದ್ಯುದ್ವಾಹನಗಳ ಚಾರ್ಜಿಂಗ್ ಕೇಂದ್ರಗಳು: ಸನ್ನದು, ಪರವಾನಗಿ ಮತ್ತು ಸೀಮೆ

ವಿದ್ಯುತ್ತಿನಿಂದ ಓಡುವ ವಾಹನಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವಂತೆ, ಅವುಗಳ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಚಾರ್ಜಿಂಗ್ ಕೇಂದ್ರಗಳನ್ನು ಯಾರು ಕಟ್ಟಬಹುದು, ಎಲ್ಲಿ ಕಟ್ಟಬಹುದು, ಅದಕ್ಕೆ ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಗಳು ಎದ್ದಿವೆ. ಇವಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಲೈಸೆನ್ಸು ಬೇಕಿಲ್ಲ’ ಎಂಬುದು. ಈ ಉತ್ತರದಲ್ಲಿ ಅರ್ಧಭಾಗ ಮಾತ್ರ ಸರಿ; ಉಳಿದರ್ಧ ಅಪಾಯಕ್ಕೆ ಎಡೆಮಾಡುವಂಥದು. ಏಕೆಂದರೆ ಲೈಸೆನ್ಸು ಎಂಬ ಒಂದೇ ಮಾತು ವಿದ್ಯುತ್ತಿನ ಕಾನೂನಿನಲ್ಲಿ ಎರಡು ಬೇರೆಬೇರೆ ವಿಷಯಗಳನ್ನು ಸೂಚಿಸುತ್ತದೆ. ಒಂದು, ನಿಶ್ಚಿತವಾದ ಒಂದು ಪ್ರದೇಶದಲ್ಲಿ ವಿದ್ಯುತ್ತನ್ನು ಹಂಚುವ ಹಕ್ಕು. ಇನ್ನೊಂದು, ತಂತಿಯ ಕೆಲಸವನ್ನು ಮಾಡಲು ಅರ್ಹನೆಂಬ ಪ್ರಮಾಣ.

ಈ ಲೇಖನದ ಮಟ್ಟಿಗೆ ಮೊದಲನೆಯದನ್ನು ಸನ್ನದು ಎಂದೂ ಎರಡನೆಯದನ್ನು ಪರವಾನಗಿ ಎಂದೂ ಕರೆಯೋಣ. ಊರು, ಭೂಮಿ, ಇನಾಮು ಮೊದಲಾದವುಗಳ ಮೇಲೆ ಅಧಿಕಾರವನ್ನು ಕೊಡುವ ಪತ್ರಕ್ಕೆ ನಮ್ಮ ಹಳೆಯ ದಫ್ತರಗಳಲ್ಲಿ ಸನ್ನದು ಎಂಬ ಹೆಸರಿತ್ತು. ಸೀಮೆಯ ಕಲ್ಪನೆ ಆ ಮಾತಿನಲ್ಲಿಯೇ ಅಡಗಿದೆ. ಈ ಎರಡರ ಚರಿತ್ರೆಯನ್ನು ಬೇರೆಬೇರೆಯಾಗಿ ನೋಡಿದಲ್ಲಿ ಇಂದಿನ ಗೊಂದಲ ತಾನಾಗಿಯೇ ಪರಿಹಾರವಾಗುವುದು.

1. ಸನ್ನದಿನ ಮೂಲ

ವಿದ್ಯುತ್ತನ್ನು ಮನೆಮನೆಗೆ ಒಯ್ಯಬೇಕಾದರೆ ಸಾರ್ವಜನಿಕ ಬೀದಿಯನ್ನು ಅಗೆಯಬೇಕು, ಇಲ್ಲವೆ ಅದರ ಮೇಲೆ ಕಂಬ ನೆಟ್ಟು ತಂತಿ ಎಳೆಯಬೇಕು. ಬೀದಿಯು ಎಲ್ಲರಿಗೂ ಸೇರಿದ್ದರಿಂದ ಈ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಅವಶ್ಯ. ಒಂದೇ ಬೀದಿಯಲ್ಲಿ ಹಲವರು ತಂತಿ ಎಳೆದರೆ ವೆಚ್ಚವೂ ವ್ಯರ್ಥ, ಜನರಿಗೂ ತೊಂದರೆ. ಆದುದರಿಂದ ಇಂಗ್ಲೆಂಡಿನಲ್ಲಿ 1882ರ ವಿದ್ಯುದ್ದೀಪ ಶಾಸನವು ಗೊತ್ತಾದ ಪ್ರದೇಶಕ್ಕೆ, ಗೊತ್ತಾದ ಷರತ್ತುಗಳ ಮೇಲೆ ಅಧಿಕಾರ ಕೊಡುವ ಪದ್ಧತಿಯನ್ನು ಏರ್ಪಡಿಸಿತು.

ಈ ಪದ್ಧತಿಯೇ ಭಾರತಕ್ಕೆ ಬಂದಿತು. ಬಂಗಾಳ ಸರ್ಕಾರವು 1895ರಲ್ಲಿ ಕಲ್ಕತ್ತೆಯ ವಿದ್ಯುದ್ದೀಪ ಶಾಸನವನ್ನು ಮಾಡಿತು. 1897ರ ಜನವರಿ 7ರಂದು ಕಿಲ್ಬರ್ನ್ ಕಂಪೆನಿಯು ಅದರ ಮೇರೆಗೆ ಸನ್ನದು ಪಡೆಯಿತು. ಅದರ ವ್ಯಾಪ್ತಿ 5.64 ಚದರ ಮೈಲಿ. ಅವಧಿ 21 ವರ್ಷ. ಎಷ್ಟು ನೆಲ, ಎಷ್ಟು ಕಾಲ ಎಂಬ ಎರಡು ಅಳತೆಗಳು ಸನ್ನದಿನ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತವೆ. 1903ರಲ್ಲಿಯೂ ಅನಂತರ 1910ರಲ್ಲಿಯೂ ಆದ ಭಾರತೀಯ ವಿದ್ಯುತ್ ಶಾಸನಗಳು ಈ ತತ್ತ್ವವನ್ನು ಬ್ರಿಟಿಷ್ ಇಂಡಿಯಾದಲ್ಲಿ ಸ್ಥಿರಪಡಿಸಿದುವು.

ಮೈಸೂರು ಸಂಸ್ಥಾನದ ದಾರಿ ಸ್ವಲ್ಪ ಬೇರೆಯಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತನ್ನು ತಂದದ್ದು ಸರ್ಕಾರವೇ. 1957ರಲ್ಲಿ ಈ ಹೊಣೆ ವಿದ್ಯುಚ್ಛಕ್ತಿ ಮಂಡಲಿಗೆ ಬಂದಿತು. 1999ರ ಸುಧಾರಣಾ ಶಾಸನದ ತರುವಾಯ ಮಂಡಲಿ ಒಡೆದು, 2002ರಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮತ್ತು ಗುಲ್ಬರ್ಗಾ ಕೇಂದ್ರಗಳ ನಾಲ್ಕು ವಿತರಣ ಕಂಪೆನಿಗಳೂ 2005ರಲ್ಲಿ ಮೈಸೂರನ್ನು ಕೇಂದ್ರವಾಗುಳ್ಳ ಚಾಮುಂಡೇಶ್ವರಿ ಕಂಪೆನಿಯೂ ಹುಟ್ಟಿದುವು. ಇವುಗಳಲ್ಲದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಒಂದು ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತನ್ನದೇ ಸೀಮೆಯಲ್ಲಿ ವಿತರಣೆ ನಡೆಸುತ್ತಿದೆ.

ಸನ್ನದು ಹಕ್ಕನ್ನು ಮಾತ್ರ ಕೊಡುವುದಿಲ್ಲ, ಕರ್ತವ್ಯವನ್ನೂ ಹೇರುತ್ತದೆ. 2003ರ ವಿದ್ಯುತ್ ಶಾಸನದ 43ನೆಯ ವಿಧಿಯ ಪ್ರಕಾರ, ತನ್ನ ಸೀಮೆಯೊಳಗೆ ಕಟ್ಟಡದ ಒಡೆಯನಾಗಲಿ ನಿವಾಸಿಯಾಗಲಿ ಅರ್ಜಿ ಹಾಕಿದರೆ ವಿತರಣ ಸಂಸ್ಥೆಯು ವಿದ್ಯುತ್ತನ್ನು ಒದಗಿಸಲೇಬೇಕು.

2. ಪರವಾನಗಿಯ ಮೂಲ

ಬೀದಿಯ ತಂತಿ ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಪ್ರಶ್ನೆಯೇ ಬೇರೆಯಾಗುತ್ತದೆ. ಅಲ್ಲಿ ಬೆಂಕಿಯ ಭಯ ಮತ್ತು ಪ್ರಾಣದ ಭಯ ಮುಖ್ಯ. ಇಂಗ್ಲೆಂಡಿನ ಮೇಲೆ ಹೇಳಿದ ಶಾಸನ ಆದ 1882ರಲ್ಲಿಯೇ, ಲಂಡನ್ನಿನ ಫೀನಿಕ್ಸ್ ಎಂಬ ಅಗ್ನಿವಿಮಾ ಸಂಸ್ಥೆಯೂ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವೂ ಮನೆಯೊಳಗಿನ ತಂತಿಯ ಕೆಲಸ ಹೇಗಿರಬೇಕೆಂಬ ನಿಯಮಗಳನ್ನು ಪ್ರಕಟಿಸಿದುವು. ಎರಡು ವ್ಯವಸ್ಥೆಗಳೂ ಒಂದೇ ವರ್ಷ ಕಾಣಿಸಿಕೊಂಡರೂ ಇವುಗಳ ಕಾರಣಗಳು ಬೇರೆ ಎಂಬುದನ್ನು ಗಮನಿಸಬೇಕು. ಒಂದು ಬೀದಿಯ ಹಕ್ಕಿಗೆ ಸಂಬಂಧಪಟ್ಟದ್ದು. ಮತ್ತೊಂದು ಕೈಕೆಲಸದ ಗುಣಕ್ಕೆ.

ಭಾರತದಲ್ಲಿ ಈ ಎರಡನೆಯ ವಿಚಾರವು 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದಲ್ಲಿ ಸ್ಪಷ್ಟವಾದ ರೂಪವನ್ನು ಪಡೆದಿತ್ತು. ಗ್ರಾಹಕನ ಕಟ್ಟಡದಲ್ಲಿ ನಡೆಯುವ ವಿದ್ಯುತ್ ಕೆಲಸಕ್ಕೆ ಅದು ಮೂವರನ್ನು ಹೊಣೆ ಮಾಡಿತು: ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರ, ಅರ್ಹತಾಪತ್ರವುಳ್ಳ ಮೇಲ್ವಿಚಾರಕ, ಪರ್ಮಿಟ್ಟು ಹೊಂದಿದ ಕೆಲಸಗಾರ, ಎಂದರೆ ನಾವು ವೈರ್‌ಮನ್ ಎಂದು ಕರೆಯುವವನು. ಮೇಲ್ವಿಚಾರಣೆ ನೇರವಾಗಿರಬೇಕೆಂಬ ಮಾತೂ ಅಲ್ಲಿಯೇ ಇದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು, ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದ ರೀತಿಯಲ್ಲಿ, ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ ಮತ್ತೆ 2023ರಲ್ಲಿಯೂ ಹೊಸ ಸುರಕ್ಷತಾ ನಿಯಮಾವಳಿಗಳನ್ನು ಹೊರಡಿಸಿತು. ಆದರೆ ಈ ಮೂವರ ಸರಪಣಿ ಕಡಿದುಹೋಗಲಿಲ್ಲ.

3. 2018ರ ಸ್ಪಷ್ಟೀಕರಣ

ಚಾರ್ಜಿಂಗ್ ಕೇಂದ್ರವು ಬಂದವರಿಗೆಲ್ಲ ಹಣ ಪಡೆದು ವಿದ್ಯುತ್ತನ್ನು ಕೊಡುತ್ತದೆ. ಹಾಗಾದರೆ ಅದು ವಿತರಣೆಯಲ್ಲವೆ, ಸನ್ನದು ಇಲ್ಲದೆ ಅದನ್ನು ನಡೆಸಬಹುದೆ ಎಂಬ ಸಂದೇಹ ಉಂಟಾಯಿತು. ಕೇಂದ್ರ ಸರ್ಕಾರದ ವಿದ್ಯುತ್ ಮಂತ್ರಾಲಯವು 2018ರ ಏಪ್ರಿಲ್ 13ರಂದು ಇದಕ್ಕೆ ಉತ್ತರ ಕೊಟ್ಟಿತು. ಬ್ಯಾಟರಿಯೊಳಗೆ ವಿದ್ಯುಚ್ಛಕ್ತಿಯು ರಾಸಾಯನಿಕ ಶಕ್ತಿಯಾಗಿ ಮಾರ್ಪಡುತ್ತದೆ. ಕೇಂದ್ರದವನು ಮಾಡುವುದು ಒಂದು ಸೇವೆ. ಅದು ಪ್ರಸರಣವೂ ಅಲ್ಲ, ವಿತರಣೆಯೂ ಅಲ್ಲ, ವಿದ್ಯುತ್ತಿನ ವ್ಯಾಪಾರವೂ ಅಲ್ಲ. ಆದುದರಿಂದ 2003ರ ಶಾಸನದ ಲೈಸೆನ್ಸು ಬೇಡ ಎಂಬುದು ಅದರ ತಾತ್ಪರ್ಯ. ಚರಿತ್ರೆಯ ದೃಷ್ಟಿಯಿಂದ ನೋಡಿದರೂ ಈ ನಿರ್ಣಯ ಸಮಂಜಸವೇ. ಕೇಂದ್ರವನ್ನು ನಡೆಸುವವನು ಬೀದಿಯುದ್ದಕ್ಕೂ ತಂತಿ ಎಳೆಯುವುದಿಲ್ಲ. ಅವನಿಗೆ ಸೀಮೆಯ ಏಕಸ್ವಾಮ್ಯ ಬೇಕಾಗಿಯೂ ಇಲ್ಲ.

ಅದೇ ವರ್ಷದ ಡಿಸೆಂಬರಿನ ಮಾರ್ಗಸೂಚಿಗಳು ನಗರಗಳಲ್ಲಿ 3 ಕಿ.ಮೀ. ಉದ್ದಗಲದ ಪ್ರತಿಯೊಂದು ಚೌಕದಲ್ಲಿಯೂ ಒಂದು ಕೇಂದ್ರ, ಹೆದ್ದಾರಿಗಳ ಎರಡು ಪಕ್ಕಗಳಲ್ಲಿಯೂ 25 ಕಿ.ಮೀ.ಗೊಂದು ಕೇಂದ್ರ ಇರಬೇಕೆಂದು ಗುರಿಯಿಟ್ಟುವು. ಮಾರ್ಗಸೂಚಿಗಳು ತರುವಾಯ 2022 ಮತ್ತು 2024ರಲ್ಲಿ ಪರಿಷ್ಕೃತವಾದರೂ ಸನ್ನದು ಬೇಡವೆಂಬ ತತ್ತ್ವ ಉಳಿದಿದೆ. ಇಲ್ಲಿ ಸೀಮೆಯ ಅರ್ಥವೇ ಬದಲಾಗಿರುವುದನ್ನು ಓದುಗರು ಗಮನಿಸಬೇಕು. ಕಲ್ಕತ್ತೆಯ 5.64 ಚದರ ಮೈಲಿ ಒಬ್ಬನಿಗೆ ಸಲ್ಲುವ ನೆಲವಾಗಿತ್ತು. ಈ ಚೌಕವಾದರೋ ಯಾರಾದರೂ ಬಂದು ತುಂಬಲೆಂದು ತೆರೆದಿಟ್ಟ ನೆಲ.

4. ಬಿಡುಗಡೆಯಾಗದ ಅರ್ಧ

ಆದರೆ ಮೇಲಿನ ಸ್ಪಷ್ಟೀಕರಣವು ಸನ್ನದಿಗೆ ಮಾತ್ರ ಅನ್ವಯಿಸುತ್ತದೆ. ಗುತ್ತಿಗೆದಾರನ ಪರವಾನಗಿಯನ್ನು ಅದು ತೆಗೆದುಹಾಕಲಿಲ್ಲ. ಗೋಡೆಯಲ್ಲಿರುವ ಸಾಕೆಟ್ಟಿಗೆ ಒಂದು ಸಾಧನವನ್ನು ಸಿಕ್ಕಿಸುವುದು ವಿದ್ಯುತ್ ಕೆಲಸವಲ್ಲ. ಚಾರ್ಜರಿಗಾಗಿ ಹೊಸ ತಂತಿಮಾರ್ಗವನ್ನು ಎಳೆಯುವುದು ನಿಶ್ಚಯವಾಗಿ ಅಂಥ ಕೆಲಸ.

ಕಾರಣ ಸರಳವಾದುದು. 7.4 ಕಿಲೋವ್ಯಾಟಿನ ಮನೆಯ ಚಾರ್ಜರು 230 ವೋಲ್ಟಿನಲ್ಲಿ ಸುಮಾರು 32 ಆಂಪಿಯರ್ ಪ್ರವಾಹವನ್ನು ಗಂಟೆಗಟ್ಟಲೆ, ಬಹುಮಟ್ಟಿಗೆ ಮನೆಯವರು ನಿದ್ರಿಸುವ ಹೊತ್ತಿನಲ್ಲಿ, ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯ ಹತ್ತು ನಿಮಿಷವನ್ನು ತಾಳಿಕೊಂಡ ಸಡಿಲವಾದ ಜೋಡಣೆ, ಚಾರ್ಜರಿನ ಆರು ಗಂಟೆಯನ್ನು ತಾಳಲಾರದು.

ಈ ಅಪಾಯವನ್ನು ಅರಿತೇ 2019ರ ಜೂನಿನಲ್ಲಿ ಸುರಕ್ಷತಾ ನಿಯಮಾವಳಿಗೆ ಚಾರ್ಜಿಂಗ್ ಕೇಂದ್ರಗಳ ಬಗೆಗೆ ಪ್ರತ್ಯೇಕ ವಿಧಿಗಳನ್ನು ಸೇರಿಸಲಾಯಿತು. ಸಾಕೆಟ್ಟು ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕು, ಪ್ರತಿಯೊಂದು ಚಾರ್ಜಿಂಗ್ ತಾಣಕ್ಕೂ ಅದರದೇ ತಂತಿಮಾರ್ಗವಿರಬೇಕು, ನೆಲಕ್ಕೆ ಸೋರುವ ಪ್ರವಾಹ 30 ಮಿಲಿಆಂಪಿಯರನ್ನು ಮೀರುವ ಮುನ್ನವೇ ಸಂಪರ್ಕವನ್ನು ಕಡಿಯುವ ರಕ್ಷಕ ಸಾಧನವಿರಬೇಕು, ಎಕ್ಸ್‌ಟೆನ್ಷನ್ ತಂತಿಯನ್ನು ಬಳಸಕೂಡದು. ಮಹಡಿಯ ಕಿಟಕಿಯಿಂದ ತಂತಿಯನ್ನು ಇಳಿಬಿಟ್ಟು ಬೀದಿಯಲ್ಲಿ ನಿಂತ ಸ್ಕೂಟರಿಗೆ ಜೋಡಿಸುವ ದೃಶ್ಯವನ್ನು ಕಂಡವರಿಗೆ ಈ ಕೊನೆಯ ಮಾತಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ.

5. ಒಂದರ ಮೇಲೊಂದು ಬೀಳದ ಎರಡು ಸೀಮೆಗಳು

ವಿದ್ಯುತ್ತನ್ನು ಒದಗಿಸುವವನ ಸೀಮೆಯೂ ಕೆಲಸ ಮಾಡುವವನ ಸೀಮೆಯೂ ಒಂದೇ ಅಲ್ಲ. ಬೆಂಗಳೂರಿನಿಂದ ಮೈಸೂರಿನ ಹೆದ್ದಾರಿಯಲ್ಲಿ ಹೊರಟವನು ಮಂಡ್ಯ ಜಿಲ್ಲೆಯನ್ನು ಹೊಕ್ಕೊಡನೆ ಬೆಂಗಳೂರು ಕಂಪೆನಿಯ ಸೀಮೆಯನ್ನು ಬಿಟ್ಟು ಚಾಮುಂಡೇಶ್ವರಿ ಕಂಪೆನಿಯ ಸೀಮೆಗೆ ಬರುತ್ತಾನೆ. ಸಂಪರ್ಕಕ್ಕೆ ಹಾಕುವ ಅರ್ಜಿ ಅಲ್ಲಿಂದ ಮುಂದೆ ಬೇರೆ ಕಚೇರಿಗೆ ಹೋಗಬೇಕು. ಗುತ್ತಿಗೆದಾರನ ಪರವಾನಗಿ ಮಾತ್ರ ಬದಲಾಗಬೇಕಿಲ್ಲ. ಅದನ್ನು ಕೊಟ್ಟದ್ದು ರಾಜ್ಯ ಸರ್ಕಾರ. ಅದೇ ಗುತ್ತಿಗೆದಾರ ಅತ್ತಿಬೆಲೆಯನ್ನು ದಾಟಿ ಹೊಸೂರಿಗೆ ಹೋದರೆ, ಕೆಲವೇ ಮೈಲಿಗಳ ದೂರವಾದರೂ, ಅಲ್ಲಿ ತಮಿಳುನಾಡು ಸರ್ಕಾರದ ಪರವಾನಗಿ ಬೇಕು. ಮೇಲ್ವಿಚಾರಕ ಮತ್ತು ಕೆಲಸಗಾರರ ಪತ್ರಗಳ ವಿಷಯದಲ್ಲಿ, ರಾಜ್ಯವು ತಾನು ಕೊಟ್ಟವುಗಳನ್ನಲ್ಲದೆ ತಾನು ಮಾನ್ಯಮಾಡಿದವುಗಳನ್ನೂ ಒಪ್ಪಲು 1956ರ ನಿಯಮವೇ ಅವಕಾಶವಿತ್ತಿತ್ತು.

ಹಲವು ರಾಜ್ಯಗಳಲ್ಲಿ ಒಟ್ಟಿಗೆ ಕೇಂದ್ರಗಳನ್ನು ಕಟ್ಟುವ ಇಂದಿನ ಯೋಜನೆಗಳಿಗೆ ಇದು ತೊಡಕೆಂದು ತೋರಬಹುದು. ಆಗ ದೂರದ ಸಂಸ್ಥೆ ಕೆಲಸವನ್ನು ಹಿಡಿದು, ಸ್ಥಳೀಯ ಪರವಾನಗಿದಾರನಿಂದ ಸಹಿಯನ್ನಷ್ಟೇ ಪಡೆದು, ಯಾರೋ ಮೂರನೆಯವರಿಂದ ತಂತಿ ಎಳೆಸುವ ಪ್ರಲೋಭನೆಯೂ ಸಹಜ. ಹಾಗೆ ಮಾಡಿದಲ್ಲಿ ಕಾಗದದಲ್ಲಿ ಮೂವರು ಇರುತ್ತಾರೆ, ಸ್ಥಳದಲ್ಲಿ ಒಬ್ಬನೂ ಇರುವುದಿಲ್ಲ. ಅನಾಹುತವಾದಾಗ ಅದರ ಫಲವನ್ನು ಅನುಭವಿಸುವವನು ವಾಹನದ ಒಡೆಯ, ಇಲ್ಲವೆ ತಂತಿಯನ್ನು ಮುಟ್ಟಿದ ಆ ಕೆಲಸಗಾರ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಸನ್ನದು ಬೀದಿಯ ಕಾರಣದಿಂದ ಹುಟ್ಟಿತು. ಬೀದಿಯನ್ನು ಅಗೆಯದವನಿಗೆ ಅದು ಬೇಡವೆಂದದ್ದು ಯುಕ್ತ. ಪರವಾನಗಿ ಬೆಂಕಿಯ ಕಾರಣದಿಂದ ಹುಟ್ಟಿತು. ಆ ಕಾರಣ ಇಂದು ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲ. ಚಾರ್ಜರನ್ನು ಹಾಕಿಸುವ ಕಾಲೇಜಾಗಲಿ, ವಸತಿಸಂಘವಾಗಲಿ, ಗೃಹಸ್ಥನಾಗಲಿ ‘ಲೈಸೆನ್ಸು ಬೇಕಿಲ್ಲ’ ಎಂಬ ಮಾತನ್ನು ಕೇಳಿದಾಗ, ಅದು ಎರಡರಲ್ಲಿ ಯಾವುದು ಎಂದು ಮೊದಲು ವಿಚಾರಿಸಬೇಕು. ಅನಂತರ ಗುತ್ತಿಗೆದಾರನ ಪರವಾನಗಿಯನ್ನೂ, ಕೆಲಸ ನಡೆಯುವ ದಿನ ಸ್ಥಳದಲ್ಲಿರುವ ಮೇಲ್ವಿಚಾರಕ ಮತ್ತು ವೈರ್‌ಮನ್ನರ ಪತ್ರಗಳನ್ನೂ ಕೇಳಿ ನೋಡಬೇಕು.